ಗಂಜಿ ಹಚ್ಚುವ ಮೊದಲು

ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದಿದ್ದರೂ ಸಂಸಾರ ನಡೆಯುತ್ತಿದ್ದ ದಿನಗಳು ಅವು. ಬೆಟಗೇರಿಯ ನಮ್ಮ ಓಣಿಯಲ್ಲಿ ಹದಿನೆಂಟು ಮನೆ, ಹದಿನೆಂಟು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕೂತು, ಲಾಳಿ ಓಡಿಸುತ್ತ ಸೀರೆ ನೇಯುವ ಆ ಮಗ್ಗಗಳ ಸದ್ದೇ ನಮಗೆ ಗಡಿಯಾರ, ಅದೇ ಪಂಚಾಂಗ. ಖಟ್ ಖಟ್ ಎಂದರೆ ಬೆಳಗಾಯಿತು. ನಿಂತರೆ ಊಟದ ಹೊತ್ತು. ಇಡೀ ದಿನ ಸದ್ದೇ ಇಲ್ಲವೆಂದರೆ ಅಮಾಸಿ.

ಅಮಾಸಿಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂದು ಯಾರೂ ಮುಟ್ಟಿ ನೋಡಿರಲಿಲ್ಲ, ಒಂದು ಮನೆಯ ಹೊರತು. ಆ ಮನೆಯಲ್ಲಿ ನಾನು ಹುಟ್ಟಿದ್ದೆ.

ನಾವು ಕ್ರೈಸ್ತರು. ಅಪ್ಪನ ಮುತ್ತಜ್ಜ ಸಭೆಗೆ ಸೇರಿದಾಗ ಮೊದಲು ಬಿಟ್ಟದ್ದು ಅಮಾಸಿಯನ್ನು, ಮೊದಲು ಹಿಡಿದದ್ದು ಐತವಾರವನ್ನು. ಜಾತಿ, ಜುಟ್ಟು, ಉಳಿದದ್ದೆಲ್ಲ ಆಮೇಲೆ ನಿಧಾನವಾಗಿ ಹೋದವಂತೆ. ಹೀಗಾಗಿ ಓಣಿಯ ಹದಿನೇಳು ಮಗ್ಗಗಳು ತಿಂಗಳಿಗೊಮ್ಮೆ ಸುಮ್ಮನಾದರೆ ನಮ್ಮದು ವಾರಕ್ಕೊಮ್ಮೆ ಸುಮ್ಮನಾಗುತ್ತಿತ್ತು. "ಸೂಟಿ ಕೊಡೂದ್ರಾಗ ನಿಮ್ಮ ದೇವರು ಭಾಳ ಧಾರಾಳ ಬಿಡವಾ," ಎಂದು ಎದುರು ಮನೆಯ ನೀಲವ್ವಜ್ಜಿ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದಳು.

ಈ ಎರಡೂ ನಿಯಮಗಳನ್ನು ಕಾಯುತ್ತಿದ್ದವಳು ಆಯಿ. ಆಯಿ ಎಂದರೆ ಅಪ್ಪನ ಅವ್ವ, ಸಾರವ್ವ. ನಾಲ್ಕೂಮುಕ್ಕಾಲು ಅಡಿ ಎತ್ತರ, ಒಂದು ಕಡೆ ಕಡ್ಡಿ ಮುರಿದು ದಾರ ಕಟ್ಟಿದ ಚಾಳೀಸು, ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಚೀಲ. ವಾರದ ಉಳಿದ ದಿನ ಅಪ್ಪನೂ ಅವಳೂ ಸರದಿಯಂತೆ ನೇಯುತ್ತಿದ್ದರು. ಅಮಾಸಿಯ ದಿನ ಮಾತ್ರ ಅಪ್ಪನಿಗೆ ತಪ್ಪದೆ ಸೊಂಟ ಹಿಡಿಯುತ್ತಿತ್ತು. ಆಯಿ ತಾನೇ ಕುಣಿಗಿಳಿಯುತ್ತಿದ್ದಳು. ಸುತ್ತ ಹದಿನೇಳು ಮನೆಗಳ ಮೌನದ ನಡುವೆ ನಮ್ಮದೊಂದೇ ಮಗ್ಗ ಖಟ್ ಖಟ್ ಎನ್ನುವಾಗ, ನಡುಮನೆಯಲ್ಲಿ ಕೂತ ಅಪ್ಪ ಪ್ರತಿ ಏಟಿಗೂ ಒಮ್ಮೆ ಕಣ್ಣು ಮುಚ್ಚುತ್ತಿದ್ದ.

"ಅವ್ವಾ, ಒಂದ ದಿನ ಬಿಟ್ಟರ ಏನಾಗತೈತಿ?"

"ಚಂದ್ರ ಅಂದ್ರ ದೇವರು ಹಚ್ಚಿಟ್ಟ ದೀಪ. ದೀಪ ಕಾಣಲಿಲ್ಲಂತ ಹೆದರಿ ಕೆಲಸ ಬಿಡಲೇನು?"

ಅಪ್ಪ ಸೊಂಟ ಒತ್ತಿಕೊಂಡು ಮಗ್ಗುಲಾಗುತ್ತಿದ್ದ.

ಆ ವರ್ಷದ ಯುಗಾದಿ ಅಮಾಸಿಗೂ ಆಯಿ ನೇಯ್ದಳು. ಓಣಿಯ ತುಂಬ ಹೋಳಿಗೆಗೆ ಕಡ್ಲಿಬ್ಯಾಳಿ ಬೇಯುವ ವಾಸನೆ. ನಮಗೂ ಪಾಲು ಬರುವುದಿತ್ತು, ಬಂತು ಕೂಡ. ಅಮಾಸಿಯ ಸದ್ದಿಗೂ ಹೋಳಿಗೆಗೂ ಅಲ್ಲಿಯವರೆಗೆ ಯಾರೂ ಸಂಬಂಧ ಹಚ್ಚಿರಲಿಲ್ಲ. ಸಂಬಂಧ ಹಚ್ಚಿದ್ದು ಮಳೆ.

ಇಲ್ಲಿ ಉಂಕಿಯ ಬಗ್ಗೆ ಎರಡು ಮಾತು ಹೇಳಬೇಕು. ನೀವು ನೇಕಾರರ ಓಣಿಯಲ್ಲಿ ಬೆಳೆದವರಾದರೆ ಈ ಭಾಗವನ್ನು ದಾಟಿ ಹೋಗಬಹುದು, ಆದರೆ ಹೋಗಲಾರಿರಿ ಎಂದು ನನಗೆ ಗೊತ್ತು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ, ಅಂದರೆ ಸೀರೆಯ ಉದ್ದದ ನೂಲಿನ, ಎಳೆಗಳನ್ನೆಲ್ಲ ಓಣಿಯ ಉದ್ದಕ್ಕೂ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಅದೇ ಉಂಕಿ. ಎರಡು ಸಾವಿರ ಎಳೆಗಳ, ಸೊಂಟದೆತ್ತರದ ತೇಲುವ ಚಾಪೆ. ಅದಕ್ಕೆ ಜೋಳದ ಗಂಜಿ ಹಚ್ಚಿ, ಉದ್ದನೆಯ ಕುಂಚ ಹಿಡಿದು ಈ ತುದಿಯಿಂದ ಆ ತುದಿಗೆ ತಿಕ್ಕುತ್ತ ನಡೆಯಬೇಕು. ಗಂಜಿ ಆರುವಷ್ಟರಲ್ಲಿ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ನಿಲ್ಲಬೇಕು. ಇಲ್ಲದಿದ್ದರೆ ಎರಡು ಸಾವಿರ ಎಳೆ ಸೇರಿ ಒಂದೇ ಹಪ್ಪಳ. ಇದು ಒಂದು ಮನೆಯ ಮಂದಿಯಿಂದ ಆಗುವ ಕೆಲಸವಲ್ಲ, ಎಂಟು ಜೊತೆ ಕೈಯಾದರೂ ಬೇಕು. ಆದ್ದರಿಂದ ಒಬ್ಬರ ಉಂಕಿಗೆ ಓಣಿಯೇ ಬರುತ್ತಿತ್ತು. ಕರೆಯುವುದು ಬೇಡ, ಕೂಲಿ ಕೇಳುವುದಿಲ್ಲ. ಕೊನೆಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಚಹಾ. ಅಂಥ ದಿನ ದನ, ನಾಯಿ, ಸೈಕಲ್ಲು ಉಂಕಿಯ ಕೆಳಗೆ ನುಗ್ಗದಂತೆ ಕಾಯುವ ಹುದ್ದೆ ನನ್ನದು. ಉಂಕಿಯ ಕೆಳಗೆ ನುಸುಳಿ ಆಡುವ ಆಸೆ ಎಲ್ಲರಿಗಿಂತ ಹೆಚ್ಚು ಇದ್ದವಳಿಗೇ ಆ ಹುದ್ದೆ ಕೊಟ್ಟಿದ್ದರು.

ಯುಗಾದಿ ಮುಗಿದ ಮೂರನೇ ದಿನ ರುದ್ರಪ್ಪಜ್ಜನ ಉಂಕಿ ಇತ್ತು. ಈತ ನೀಲವ್ವಜ್ಜಿಯ ಗಂಡ, ಓಣಿಯ ಹಿರಿಯ, ಕುಂಚ ಹಿಡಿಯುವುದರಲ್ಲಿ ಬೆಟಗೇರಿಗೇ ಹೆಸರಾದವ. ಗಂಜಿ ಹಚ್ಚಿ ಅರ್ಧ ಆಗಿತ್ತು. ಎಲ್ಲಿತ್ತೋ ಏನೋ, ಬಿಸಿಲಲ್ಲೇ ಒಂದು ಅಡ್ಡಮಳೆ ಬಂದು ಹತ್ತು ನಿಮಿಷ ಹೊಡೆದು ಹೋಯಿತು. ಗಂಜಿಯೆಲ್ಲ ಓಣಿಯ ಗಟಾರ ಸೇರಿತು. ನೆನೆದ ಎಳೆಗಳು ಒಂದಕ್ಕೊಂದು ತೆಕ್ಕೆ ಬಿದ್ದವು. ಎರಡು ತಿಂಗಳ ನೇಯ್ಗೆಯ ಹಾಸು ಕಣ್ಣೆದುರೇ ಹಾಳಾಯಿತು. ಬೇಸಿಗೆಯಲ್ಲಿ ಅಡ್ಡಮಳೆ ಬರುವುದು ಹೊಸದೇನಲ್ಲ. ಆದರೆ ಹಾಳಾದದ್ದು ರುದ್ರಪ್ಪಜ್ಜನ ಉಂಕಿ. ಅಂಥವನ ಉಂಕಿ ಸುಮ್ಮಸುಮ್ಮನೆ ಹಾಳಾಗುವುದುಂಟೆ?

ಸಂಜೆ ನಾಲ್ವರು ನಮ್ಮ ಕಟ್ಟೆಗೆ ಬಂದು ಕೂತರು. ಅವ್ವ ಚಹಾ ತಂದಳು. ಯಾರೂ ಕಪ್ಪು ಮುಟ್ಟದ್ದನ್ನು ನೋಡಿ ವಿಷಯ ಗಂಭೀರವೆಂದು ನನಗೂ ತಿಳಿಯಿತು.

"ತಂಗೀ ಸಾರವ್ವಾ," ರುದ್ರಪ್ಪಜ್ಜ ಕೆಮ್ಮಿದ. "ನಿನ್ನ ದೇವರ ಸುದ್ದಿಗೆ ನಾವು ಬಂದಾವರಲ್ಲ. ಐತವಾರ ನೀ ಏನರ ಮಾಡು. ಅಮಾಸಿ ಒಂದ ದಿನ ಮಗ್ಗ ಬಿಡು. ಓಣಿ ಚಲೋ ಇರಲಿ ಅಂತ ಹೇಳಾಕ್ಹತ್ತೀನಿ."

"ರುದ್ರಪ್ಪಣ್ಣಾ, ಮಳಿ ನಾ ಕರದೆ ಏನು?"

"ನೀ ಕರದಿ ಅಂತ ಯಾರಂದ್ರು? ಬಂತು ಅಷ್ಟ."

"ಮತ್ತ ಹೋದ ಅಮಾಸಿಗೂ ನೇಯ್ದಿದ್ದೆ. ಅದರ ಹಿಂದಿನ ಅಮಾಸಿಗೂ ನೇಯ್ದಿದ್ದೆ. ಆವಾಗೆಲ್ಲ ಮಳಿ ಎಲ್ಲಿ ಹೋಗಿತ್ತು?"

ತರ್ಕ ಸರಿಯಾಗಿತ್ತು. ಸರಿಯಾದ ತರ್ಕ ಕಟ್ಟೆಯ ಮೇಲೆ ಕೂತವರನ್ನು ಎಂದೂ ಒಲಿಸಿಕೊಂಡಿದ್ದಿಲ್ಲ. ರುದ್ರಪ್ಪಜ್ಜ ಎದ್ದು ಧೋತರ ಕೊಡವಿದ. "ಆತು. ನಿನ್ನ ಮಗ್ಗ, ನಿನ್ನ ಮನಿ. ಆದ್ರ ನಮ್ಮ ಕೈ ನಮ್ಮವು."

ಅಂದಿನಿಂದ ಯಾರೂ ಜಗಳವಾಡಲಿಲ್ಲ. ಮಾತು ಬಿಡಲಿಲ್ಲ. ನೀಲವ್ವಜ್ಜಿ ಎಂದಿನಂತೆ ಕೊತ್ತಂಬರಿ ಕೇಳಿಕೊಂಡು ಬರುತ್ತಿದ್ದಳು. ಆದರೆ ನಮ್ಮ ಹಾಸು ಮುಗಿಯುತ್ತ ಬಂದಿತ್ತು. ಹೊಸ ಹಾಸನ್ನು ಉಂಕಿಗೆ ಹಾಕಿದ ಬೆಳಿಗ್ಗೆ ಓಣಿಯಲ್ಲಿ ಒಬ್ಬರೂ ಹೊರಗೆ ಬರಲಿಲ್ಲ. ಹದಿನೇಳು ಮಗ್ಗಗಳು ಒಳಗೇ ಭಾರಿ ಉತ್ಸಾಹದಿಂದ ಸದ್ದು ಮಾಡುತ್ತಿದ್ದವು.

ಅಪ್ಪ ಸೈಕಲ್ ಹತ್ತಿ ಗುಡಿಗೆ ಓಡಿದ, ಚರ್ಚಿಗೆ ನಾವು ಗುಡಿ ಎಂದೇ ಅನ್ನುವುದು. ನಮ್ಮ ಸಭಾಪಾಲಕರು, ಅಂದರೆ ಅಯ್ಯನವರು, ಒಳ್ಳೆಯ ಮನುಷ್ಯ. ಸಮಾಚಾರ ಕೇಳಿದ್ದೇ ತಡ, ಪ್ಯಾಂಟು ಮೊಣಕಾಲಿಗೆ ಮಡಚಿ, ಸಂಗೀತ ಮಂಡಳಿಯ ಐದು ಜನರನ್ನು ಕರೆದುಕೊಂಡು ಬಂದರು. ಮೊದಲು ಪ್ರಾರ್ಥನೆ ಆಯಿತು. ಪ್ರಾರ್ಥನೆ ಉದ್ದವಾಯಿತು. ಅಷ್ಟರಲ್ಲಿ ಗಂಜಿ ಗಟ್ಟಿಯಾಯಿತು. ಆಮೇಲೆ ಅವರೆಲ್ಲ ಕುಂಚ ಹಿಡಿದು, ಗೋಡೆಗೆ ಸುಣ್ಣ ಬಳಿಯುವವರಂತೆ ಅತ್ಯಂತ ಶ್ರದ್ಧೆಯಿಂದ ಬಳಿದರು. ಒಬ್ಬರು ಹಾಡು ಎತ್ತಿದರು, ಉಳಿದವರು ಸ್ವರ ಕೂಡಿಸಿದರು. ಮಧ್ಯಾಹ್ನಕ್ಕೆ ಎರಡು ಸಾವಿರ ಎಳೆಗಳೂ ಸಭೆಯ ಐಕ್ಯಕ್ಕೆ ಸಾಕ್ಷಿಯೆಂಬಂತೆ ಒಂದಾಗಿದ್ದವು.

ಅಯ್ಯನವರು ಬೆವರೊರೆಸಿಕೊಳ್ಳುತ್ತ ಆಯಿಯ ಪಕ್ಕ ಕೂತರು. "ಸಾರವ್ವನವರ, ಒಂದು ಮಾತು. ಅಮಾಸಿ ದಿನ ನೇಯಲೇಬೇಕು ಅಂತ ದೇವರ ಅಪ್ಪಣೆ ಏನಿಲ್ಲ. ಬಿಟ್ಟರ ಪಾಪಾನೂ ಅಲ್ಲ."

"ಬಿಡೂದು ಪಾಪ ಅಲ್ಲರಿ ಅಯ್ಯನವರ. ಹೆದರಿ ಬಿಡೂದು ಪಾಪ. ನಾಳೆ ನನಗ ಜ್ವರ ಬಂದ್ರ ಅಮಾಸಿ ಇದ್ದರೂ ಮಲಗ್ತೀನಿ. ಹೆದರಿ ಮಾತ್ರ ಮಲಗೂದಿಲ್ಲ."

ಅಯ್ಯನವರು ಮಂಡಕ್ಕಿಯ ತಟ್ಟೆಯ ಕಡೆ ನೋಡಿದರು. ಅವರ ಜೀವನದಲ್ಲಿ ಅಷ್ಟು ಗಿಡ್ಡ ಉಪದೇಶ ಅವರು ಕೇಳಿರಲಿಕ್ಕಿಲ್ಲ.

ಆ ಹಪ್ಪಳವನ್ನು ಬಿಡಿಸಲು ನಮಗೆ ಹದಿನೈದು ದಿನ ಹಿಡಿಯಿತು. ಶಾಲೆಗೆ ಸೂಟಿ ಬಿದ್ದಿತ್ತು. ಉಳಿದ ಮಕ್ಕಳು ಹುಣಸೆ ಪಿಕ್ಕ ಹಿಡಿದು ಚೌಕಾಬಾರ ಆಡುವಾಗ ನಾನು ಉಗುರಿನಿಂದ ಎಳೆ ಬಿಡಿಸುತ್ತ ಕೂತಿರುತ್ತಿದ್ದೆ. ಹುಳಿತ ಗಂಜಿಯ ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ಉಣ್ಣುವಾಗ ಮಾವಿನಕಾಯಿ ಚಟ್ನಿಯೂ ಅದೇ ವಾಸನೆ ಹೊಡೆಯುತ್ತಿತ್ತು. ಅರ್ಧದಷ್ಟು ನೂಲು ತುಂಡಾಗಿ ಹೋಯಿತು. ಉಳಿದದ್ದಕ್ಕೆ ಹೊಸ ನೂಲು ಕೂಡಿಸಿ ಅಪ್ಪ ಮತ್ತೆ ಹಾಸು ಮಾಡಿದ. ಇದೂ ಕೆಟ್ಟರೆ ಮಗ್ಗ ಬಿಚ್ಚುವುದೇ ಎಂದು ಅವ್ವನ ಮುಂದೆ ಅವನು ಹೇಳಿದ್ದು ನನಗೆ ಕೇಳಿಸಿತ್ತು. ಲಕ್ಷ್ಮೇಶ್ವರದಲ್ಲಿ ಅವನ ಸೋದರಮಾವನದು ಹಿಟ್ಟಿನ ಗಿರಣಿ. ಅಲ್ಲಿ ಹೋಗಿ ದುಡಿಯುವುದೆಂದು ಅವನು ಮನಸ್ಸಿನಲ್ಲೇ ಗಂಟು ಕಟ್ಟಿದ್ದ. ಆಯಿಗೆ ಮಗ್ಗವಿಲ್ಲದ ಮನೆಯೆಂದರೆ ಏನೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಮುಂದಿನ ಅಮಾಸಿ ಬಂತು. ಅವತ್ತು ನಸುಕಿನಲ್ಲೇ ಓಣಿಗೆ ಓಣಿಯೇ ಎರಡು ಟ್ರ್ಯಾಕ್ಟರ್ ಮಾಡಿಕೊಂಡು ಡೋಣಿ ಊರಿನ ಆಚೆ ಕಪ್ಪತಗುಡ್ಡದ ದೇವರ ದರ್ಶನಕ್ಕೆ ಹೋಯಿತು. ಬುತ್ತಿ, ಮಕ್ಕಳು, ಗದ್ದಲ. ಅವರು ಹೋದ ಮೇಲೆ ನಾವು ಮಡಿ ಬಟ್ಟೆ ಉಟ್ಟು ಗುಡಿಗೆ ಹೋಗಿ ಬಂದೆವು, ಯಾಕೆಂದರೆ ಅವತ್ತು ಐತವಾರ. ಆಯಿ ಊಟ ಮಾಡಿ ಮಲಗಿದಳು. ಮಧ್ಯಾಹ್ನ ಟ್ರ್ಯಾಕ್ಟರ್ ತಿರುಗಿ ಬಂದಾಗ ಓಣಿ ನಿಶ್ಶಬ್ದ. ಹದಿನೇಳು ಮಗ್ಗಗಳ ಜೊತೆ ಹದಿನೆಂಟನೆಯದೂ ಸುಮ್ಮನಿತ್ತು.

ಸೂಟಿಯ ದಿನಗಳಲ್ಲಿ ವಾರಗಳಿಗೆ ಹೆಸರಿರುವುದಿಲ್ಲ. ಶಾಲೆಯಿಲ್ಲ, ಸಂತೆಯಿಲ್ಲ, ಮನೆಯಲ್ಲೇ ನೇಯುವವನಿಗೆ ಐತವಾರವಾದರೇನು, ಗುರುವಾರವಾದರೇನು? ಅವರು ಎಣಿಸುತ್ತಿದ್ದದ್ದು ತಿಥಿ ಮಾತ್ರ. ಸಂಜೆ ನೀಲವ್ವಜ್ಜಿ ಒಂದು ದೊಡ್ಡ ಬಟ್ಟಲ ತುಂಬ ಗೋಧಿ ಬೆಲ್ಲದ ಮಾದಲಿ ತಂದು ಅವ್ವನ ಕೈಗಿತ್ತಳು. ಮೇಲೆ ತುಪ್ಪ ಇತ್ತು. ಕಣ್ಣು ಒರೆಸಿಕೊಂಡಳು. ಬಂದಷ್ಟೇ ಬೇಗ ಹೋದಳು. ತುಪ್ಪ ಯಾಕೆ ಇಷ್ಟು ಎಂದು ನಮಗಾರಿಗೂ ಹೊಳೆಯಲಿಲ್ಲ. ತಿಂದೆವು.

ಹೊಳೆದದ್ದು ಮರುದಿನ ಬೆಳಿಗ್ಗೆ. ಇದ್ದ ನಾಲ್ಕೇ ಮಂದಿ ಹೇಗಾದರೂ ಮಾಡೋಣವೆಂದು ನಾವು ಹೊಸ ಹಾಸನ್ನು ಹೊರಗೆ ತಂದಾಗ ಎದುರು ಬಾಗಿಲು ತೆರೆಯಿತು. ರುದ್ರಪ್ಪಜ್ಜ ತನ್ನ ಕುಂಚ ಹಿಡಿದು ಹೊರಬಂದ. ಅವನ ಹಿಂದೆ ನೀಲವ್ವಜ್ಜಿ. ಆಚೆ ಮನೆಯವರು, ಈಚೆ ಮನೆಯವರು. ಹತ್ತು ಜನರಾದರು. ಗೂಟ ಬಿಗಿದರು, ಹಗ್ಗ ಎಳೆದರು, ಎಳೆಗಳ ನಡುವೆ ಬಿದಿರುಕಡ್ಡಿ ತೂರಿಸಿದರು. ಅರ್ಧ ತಾಸಿನಲ್ಲಿ ಉಂಕಿ ವೀಣೆಯ ತಂತಿಯ ಹಾಗೆ ಬಿಗಿಯಾಗಿ ನಿಂತಿತು. ಅಪ್ಪನ ಮುಖ ನೋಡಬೇಕಿತ್ತು. ಸೊಂಟವೂ ನೆಟ್ಟಗಾಗಿತ್ತು.

ಅವ್ವ ಬಿಸಿ ಗಂಜಿಯ ಕೊಪ್ಪರಿಗೆ ತಂದಿಟ್ಟಳು. ರುದ್ರಪ್ಪಜ್ಜ ಬಗ್ಗಿ ಬೆರಳದ್ದಿ ಹದ ನೋಡಿದ. "ಭಾರಿ ಆಗೇತಿ," ಎಂದ. ಎದ್ದು ಆಯಿಯ ಕಡೆ ತಿರುಗಿ ನಕ್ಕ.

"ನಿನ್ನೆ ಗುಡ್ಡದಿಂದ ಬಂದ ಕೂಡ್ಲೆ ಕಿವಿಗೊಟ್ಟು ಕೇಳಿದ್ನಿ ತಂಗಿ. ಮಗ್ಗ ಸುಮ್ಮನಿತ್ತು. ಹಿರ್‍ಯಾನ ಮಾತು ನಡಸಿದಿ. ಓಣಿ ಮರ್ಯಾದಿ ಉಳಸಿದಿ."

ಆಗ ಎಲ್ಲವೂ ನಮಗೆ ತಿಳಿಯಿತು. ಮಾದಲಿ, ತುಪ್ಪ, ಹತ್ತು ಜೊತೆ ಕೈ.

ಅಪ್ಪ ಆಯಿಯ ಕಡೆ ನೋಡಿದ. ಅವನ ಕಣ್ಣುಗಳಲ್ಲಿ ಇದ್ದದ್ದನ್ನು ಪ್ರಾರ್ಥನೆ ಎಂದೇ ಹೇಳಬೇಕು. ಗುಡಿಯಲ್ಲಿ ಅವನು ಅಷ್ಟು ತೀವ್ರವಾಗಿ ಪ್ರಾರ್ಥಿಸಿದ್ದನ್ನು ನಾನು ಕಂಡಿರಲಿಲ್ಲ. ಸುಮ್ಮನಿರು ಅಷ್ಟೇ. ಸುಳ್ಳು ಹೇಳಬೇಕಾಗಿಲ್ಲ, ತಲೆಯಾಡಿಸಬೇಕಾಗಿಲ್ಲ. ನಿನ್ನೆ ಸುಮ್ಮನಿದ್ದ ಹಾಗೆ ಇವತ್ತೂ ಒಂದು ನಿಮಿಷ ಸುಮ್ಮನಿರು.

ರುದ್ರಪ್ಪಜ್ಜ ಕುಂಚವನ್ನು ಗಂಜಿಯ ಮೇಲೆ ತಂದ.

"ರುದ್ರಪ್ಪಣ್ಣಾ," ಎಂದಳು ಆಯಿ. "ಕುಂಚ ಕೆಳಗಿಡು. ಒಂದು ಮಾತೈತಿ."

"ಗಂಜಿ ಆರತೈತವ್ವಾ. ಆಮ್ಯಾಲೆ ಹೇಳು."

"ಆಮ್ಯಾಲೆ ಹೇಳೂ ಮಾತಲ್ಲ. ನಿನ್ನೆ ನಾ ಮಗ್ಗ ಬಿಟ್ಟದ್ದು ಅಮಾಸಿ ಅಂತಲ್ಲ. ನಿನ್ನೆ ಐತವಾರ ಇತ್ತು."

ಆಚೆ ಮನೆಯವನೊಬ್ಬ ಬೆರಳು ಮಡಚಿ ಎಣಿಸಿದ. "ಇವತ್ತು ಸ್ವಾಮಾರ... ಹಂಗಾರ ನಿನ್ನೆ..." ಎಂದು ಮುಗಿಸದೆ ಬಿಟ್ಟ. ನೀಲವ್ವಜ್ಜಿ ಹಣೆ ಬಡಿದುಕೊಂಡಳು.

"ಮುಂದಿನ ಅಮಾಸಿ ಐತವಾರ ಬರೂದಿಲ್ಲ," ಆಯಿ ಮುಂದುವರಿಸಿದಳು. "ಅವತ್ತು ನೇಯ್ತೀನಿ. ಈಗs ಹೇಳಾಕ್ಹತ್ತೀನಿ."

ರುದ್ರಪ್ಪಜ್ಜ ಉಂಕಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಒಂದೂ ಎಳೆ ಸೊಟ್ಟಗಿರಲಿಲ್ಲ. ಆಮೇಲೆ ಆಯಿಗಷ್ಟೇ ಹೇಳುವವನಂತೆ ಮೆಲ್ಲಗೆ ಕೇಳಿದ. "ಹುಚ್ಚಿ ಇದ್ದೀ ಏನು? ಗಂಜಿ ಹಚ್ಚಿದ ಮ್ಯಾಲೆ ಹೇಳಿದ್ರ ಆಗತಿದ್ದಿಲ್ಲೇನು?"

"ಹಚ್ಚಿದ ಮ್ಯಾಲೆ ನಿಮಗ ಬಿಟ್ಟು ಹೋಗಾಕ ಬರತಿದ್ದಿಲ್ಲ."

ಈ ಮಾತು ನನಗೆ ಆಗ ತಿಳಿಯಲಿಲ್ಲ. ಅಲ್ಲಿದ್ದ ಎಲ್ಲ ನೇಕಾರರಿಗೂ ತಿಳಿಯಿತು. ಹಸಿ ಗಂಜಿಯ ಉಂಕಿಯನ್ನು ವೈರಿಯದಾದರೂ ನಡುವೆ ಬಿಟ್ಟು ಹೋದ ನೇಕಾರ ಬೆಟಗೇರಿಯಲ್ಲಿ ಇರಲಿಲ್ಲ. ಒಂದು ಏಟು ಕುಂಚ ಆಡಿಸಿದ್ದರೆ ಸಾಕಿತ್ತು, ಆಮೇಲೆ ಏನೇ ಕೇಳಿದರೂ ಅವರು ಕೊನೆಯವರೆಗೆ ತಿಕ್ಕಿಯೇ ಹೋಗುತ್ತಿದ್ದರು. ಆಯಿಯೂ ನೇಕಾರತಿ. ಆ ಒಂದು ಏಟಿಗೆ ಮೊದಲೇ ಹೇಳಿದ್ದಳು.

ರುದ್ರಪ್ಪಜ್ಜ ಕುಂಚವನ್ನು ನಮ್ಮ ಗೋಡೆಗೆ ಒರಗಿಸಿದ. ಮನೆಗೆ ಹೋದ. ಒಬ್ಬೊಬ್ಬರಾಗಿ ಉಳಿದವರೂ ಹೋದರು. ನೀಲವ್ವಜ್ಜಿ ಕೊನೆಗೆ ಹೋದಳು, ಎರಡು ಸಲ ತಿರುಗಿ ನೋಡಿದಳು. ಆದರೆ ಹೋದಳು. ಇದನ್ನು ನಾನು ಬೇರೆ ರೀತಿ ಬರೆಯಬಹುದಿತ್ತು. ಆಯಿಯ ಮೊಮ್ಮಗಳಾಗಿ ಬರೆಯಲಾರೆ.

ನಮ್ಮ ಹಳೆಯ ಕುಂಚದ ಕೂದಲು ಅಯ್ಯನವರ ಸೇವೆಯಲ್ಲಿ ಅರ್ಧ ಉದುರಿತ್ತು. ಅಪ್ಪ ಗೋಡೆಯ ಕಡೆ ಹೋಗಿ ರುದ್ರಪ್ಪಜ್ಜನ ಕುಂಚ ಎತ್ತಿಕೊಂಡ. ನಾವು ನಾಲ್ವರೇ ತಿಕ್ಕಿದೆವು. ನನಗೆ ಮೊದಲ ಸಲ ದನ ಕಾಯುವುದರಿಂದ ಬಡ್ತಿ ಸಿಕ್ಕಿತು. ಅಂದು ಎಮ್ಮೆಯೊಂದು ಉಂಕಿಯ ತುದಿಯವರೆಗೆ ಬಂದು, ನಮ್ಮ ಪಾಡು ನೋಡಿ, ತಾನೇ ತಿರುಗಿ ಹೋಯಿತು. ಮಧ್ಯಾಹ್ನಕ್ಕೆ ಎಳೆಗಳು ಆರಿದವು. ಅಲ್ಲಲ್ಲಿ ಅಂಟಿದ್ದವು, ಅಲ್ಲಲ್ಲಿ ಕಡಿದಿದ್ದವು, ಆದರೆ ಹಪ್ಪಳವಾಗಲಿಲ್ಲ. ಒಳ್ಳೆಯ ಕುಂಚದ ಮಾತನ್ನು ಕೆಟ್ಟ ಕೈಯೂ ಸ್ವಲ್ಪ ಕೇಳುತ್ತದೆ. ಲಕ್ಷ್ಮೇಶ್ವರದ ಗಿರಣಿಯ ಸುದ್ದಿಯನ್ನು ಅಪ್ಪ ಮತ್ತೆ ಎತ್ತಲಿಲ್ಲ.

ನೇಕಾರ ತನ್ನ ಕುಂಚವನ್ನು ಇನ್ನೊಬ್ಬರ ಮನೆಯಲ್ಲಿ ಬಿಡುವುದಿಲ್ಲ. ಮರೆತು ಬಿಟ್ಟನೇ ಎಂದರೆ, ಒಲೆಯ ಮೇಲಿನ ಅನ್ನ ಮರೆತರೂ ಕುಂಚ ಮರೆಯದ ಮನುಷ್ಯ ಅವನು. ಸಂಜೆ ಆಯಿ ಅದನ್ನು ತೊಳೆದು, ಕೂದಲು ಬಾಚಿ, ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ರುದ್ರಪ್ಪಜ್ಜ ಕಟ್ಟೆಯ ಮೇಲೆ ಕೂತಿದ್ದ. ನೋಡಿಯೂ ಕೈ ಚಾಚಲಿಲ್ಲ.

"ಅಜ್ಜಾ, ಆಯಿ ಕೊಟ್ಟು ಬಾ ಅಂದಾಳ."

"ಅಲ್ಲೇ ಇರಲಿ ಅಂತ ಹೇಳು. ಮುಂದಿನ ಉಂಕಿಗೆ ಬರ್ತೀನಲ್ಲ. ಹೊತಗೊಂಡು ಅಡ್ಯಾಡೂದು ಯಾಕ?"

"ಮುಂದಿನ ಅಮಾಸಿಗೂ ನೇಯ್ತಾಳಂತ."

"ಕೇಳೀನಿ ಬಿಡ ಲೇ. ಕಿವಿ ಇನ್ನೂ ಚಲೋ ಅದಾವ."

ಬಂದ. ಒಬ್ಬನೇ ಬಂದ, ಆಮೇಲೆ ಹೆಂಡತಿ ಬಂದಳು, ದೀಪಾವಳಿಯ ಹೊತ್ತಿಗೆ ಓಣಿ ಬಂತು. ಅಮಾಸಿಗೆ ಆಯಿ ನೇಯುತ್ತಲೇ ಇದ್ದಳು. ರುದ್ರಪ್ಪಜ್ಜ ಪ್ರತಿ ಅಮಾಸಿಯ ಸಂಜೆ ಕಟ್ಟೆಯಿಂದ ಕೂಗುತ್ತಿದ್ದ. "ಇವತ್ತು ಭಾಳ ನೇಯ್ದಿ ತಂಗಿ, ನಾಳೆ ಮಳಿ ಬಂದ್ರ ಛತ್ರಿ ನೀನs ತರಬೇಕು ನೋಡು." ಆಯಿ ಒಳಗಿನಿಂದಲೇ, "ಹರಕ ಛತ್ರಿ ಐತಿ, ನಡೀತೈತೇನು?" ಎನ್ನುತ್ತಿದ್ದಳು. ಇಬ್ಬರೂ ತಮ್ಮ ಜಾಗದಿಂದ ಒಂದು ಗೇಣು ಸರಿಯಲಿಲ್ಲ. ಮೊದಲು ರುದ್ರಪ್ಪಜ್ಜ ಹೋದ, ಎರಡು ವರ್ಷದ ಮೇಲೆ ಆಯಿ. ಅವನು ಹೋದದ್ದು ಅಮಾಸಿಯಂದು. ಐತವಾರ ಬಂದವುಗಳ ಹೊರತು, ಅವಳು ತನ್ನ ಜೀವಮಾನದಲ್ಲಿ ಮಗ್ಗ ಬಿಟ್ಟ ಅಮಾಸಿ ಅದೊಂದೇ. ಅಂದು ಯಾರೂ ಅದಕ್ಕೆ ಕಾರಣ ಕೇಳಲಿಲ್ಲ.

ಈಗ ಆ ಓಣಿಗೆ ಕಾಂಕ್ರೀಟ್ ಬಿದ್ದಿದೆ. ಗೂಟ ಹುಗಿಯಲು ಮಣ್ಣಿಲ್ಲ, ಉಂಕಿ ಹಾಕಲು ಬೈಕುಗಳು ಜಾಗ ಬಿಟ್ಟಿಲ್ಲ, ಹಾಸು ಏರಿಸಲು ಮಗ್ಗವೂ ಇಲ್ಲ. ನಾನು ಗದಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ರುದ್ರಪ್ಪಜ್ಜನ ಕುಂಚ ನನ್ನ ಮನೆಯ ಗೋಡೆಯ ಮೇಲಿದೆ. ಬಂದವರು ಅದನ್ನು ಜೇಡರಬಲೆ ತೆಗೆಯುವುದು ಎಂದು ತಿಳಿಯುತ್ತಾರೆ.

ಮೊನ್ನೆ ಒಂದು ಅಮಾಸಿ ಐತವಾರ ಬಂದಿತ್ತು. ಕ್ಯಾಲೆಂಡರ್ ನೋಡಿದ್ದರಿಂದ ಗೊತ್ತಾಯಿತು, ಓಣಿ ಹೇಳಿದ್ದರಿಂದಲ್ಲ. ಬೆಳಿಗ್ಗೆ ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ತಿದ್ದುತ್ತ ಕೂತಿದ್ದೆ. ಸೋಮವಾರ ಕೊಡಬೇಕಿತ್ತು. ಗುಡಿಗೆ ಹೋಗಿರಲಿಲ್ಲ. ಅದರ ಹಿಂದಿನ ಐತವಾರವೂ ಹೋಗಿರಲಿಲ್ಲ. ನನ್ನನ್ನು ಯಾರೂ ತಡೆದಿರಲಿಲ್ಲ. ಹೆದರಿಸಲು ನಾಲ್ವರು ಬಂದು ಕಟ್ಟೆಯ ಮೇಲೆ ಕೂತಿರಲಿಲ್ಲ. ಪಕ್ಕದ ಮನೆಯವರಿಗೆ ನಾನು ಐತವಾರ ಏನು ಮಾಡುತ್ತೇನೆ, ಅಮಾಸಿಗೆ ಏನು ಮಾಡುತ್ತೇನೆ ಎಂಬ ಕಲ್ಪನೆಯೂ ಇಲ್ಲ. ನನಗೂ ಅವರದಿಲ್ಲ. ನನ್ನ ಮನೆ ಸುಮ್ಮನಿದೆಯೇ ಎಂದು ಎದುರು ಬಾಗಿಲಿನಿಂದ ಕಿವಿಗೊಟ್ಟು ಕೇಳುವ ಒಬ್ಬ ಮುದುಕನೂ ಈ ಊರಿನಲ್ಲಿ ಉಳಿದಿಲ್ಲ.

ಗೋಡೆಯ ಮೇಲಿನ ಕುಂಚ ನೋಡಿದೆ. ಹತ್ತು ಗಂಟೆ ಆಗಿತ್ತು. ಗುಡಿಯ ಎರಡನೇ ಆರಾಧನೆಗೆ ಇನ್ನೂ ಅರ್ಧ ತಾಸು.

ಕೆಂಪು ಪೆನ್ನನ್ನು ಕೆಳಗಿಟ್ಟೆ.